ನ್ಯಾನೊಟ್ಯೂಬ್ ಮೇಲೆ ಒಂದೇ ಲೈಸೊಜೈಮ್: ಸಿಗ್ನಲ್ ಯಾಕೆ ಕಾಣ್ತಿಲ್ಲ?

ಪ್ರಶ್ನೆ (ರಾಯಚೂರು): ಕಾರ್ಬನ್ ನ್ಯಾನೊಟ್ಯೂಬ್ (ಅತಿ ಸಣ್ಣ ಇಂಗಾಲದ ಕೊಳವೆ) ಟ್ರಾನ್ಸಿಸ್ಟರ್‌ಗೆ ಪೈರೀನ್-ಮ್ಯಾಲಿಮೈಡ್ ಅನ್ನೋ ಅಂಟು ಕೊಂಡಿಯಿಂದ ಟಿ4 ಲೈಸೊಜೈಮ್ (ಬ್ಯಾಕ್ಟೀರಿಯಾದ ಗೋಡೆ ಕತ್ತರಿಸೋ ಕಿಣ್ವ) ಒಂದು ಅಣು ಕೂಡಿಸೀವಿ. ಬಯಾಸ್ (ಟ್ಯೂಬಿಗೆ ಕೊಡೋ ವೋಲ್ಟೇಜ್) 100 ಮಿಲಿವೋಲ್ಟ್. ಕಿಣ್ವ ಅಲ್ಲಾಡಿದಾಗ ಕರೆಂಟಿನಾಗ ಕಾಣಬೇಕಾದ ಎರಡು ಮಟ್ಟದ ಜಿಗಿತ ಇಲ್ಲ, ಬರೀ ವಿದ್ಯುತ್ ಲೈನಿನ 50 ಹರ್ಟ್ಜ್ ಗುಂಯ್. ಏನ್ ಮಾಡೋದ್ರಿ?

ಉತ್ತರ (ಬಳ್ಳಾರಿ): ಇನ್ವರ್ಟರ್ ಬ್ಯಾಡ್ರಿ. ಪ್ರಿಆಂಪ್ಲಿಫೈಯರ್‌ಗೆ (ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಸಾಧನ) ಬ್ಯಾಟರಿ ಕೊಡ್ರಿ, ಚಿಪ್ ಸುತ್ತ ಲೋಹದ ಪೆಟ್ಟಿಗೆ, ಅರ್ಥಿಂಗ್ ಒಂದೇ ಕಡೆ. 50 ಹರ್ಟ್ಜ್ ಒಂದನ್ನೇ ತೆಗೆಯೋ ನಾಚ್ ಫಿಲ್ಟರ್ ಹಾಕಿದ್ರೆ ಜಿಗಿತದ ಅಂಚೇ ಕೆಡ್ತದೆ. ಎಲೆಕ್ಟ್ರೋಡ್ ಮೇಲಿನ ಪಿಎಂಎಂಎ (ಒಂದು ಪ್ಲಾಸ್ಟಿಕ್) ಲೇಪನ ಬಿರುಕು ಬಿಟ್ಟಿದ್ರೆ ದ್ರಾವಣಕ್ಕೆ ಕರೆಂಟ್ ಸೋರ್ತದೆ, ಅದನ್ನೂ ನೋಡ್ರಿ.

ಉತ್ತರ (ಕೊಪ್ಪಳ): ಗದ್ದಲ ಹೋದ್ರೂ ಉಪ್ಪು ಅಡ್ಡ ಬರ್ತದ್ರಿ. ಕಿಣ್ವ ಮುಚ್ಚಿ ತೆರೆವಾಗ ಅದರ ಚಾರ್ಜ್ ಇರೋ ಅಮೈನೊ ಆಮ್ಲ ಟ್ಯೂಬಿನ ಹತ್ತಿರ ಸರಿದಾಡೋದೇ ಸಿಗ್ನಲ್. ಪಿಬಿಎಸ್ ಅನ್ನೋ ಉಪ್ಪಿನ ಬಫರ್‌ನಾಗ ಡಿಬೈ ಉದ್ದ (ಚಾರ್ಜಿನ ಪ್ರಭಾವ ಉಪ್ಪಿನಿಂದ ಮುಚ್ಚಿಹೋಗೋ ದೂರ) ಸುಮಾರು 0.7 ನ್ಯಾನೊಮೀಟರ್, ಹತ್ತು ಪಟ್ಟು ತೆಳು ಮಾಡಿದ್ರ 2.3; ಅದಕ್ಕ ತೆಳು ಮಾಡಿ ನೋಡ್ರಿ. ಪೆಪ್ಟಿಡೋಗ್ಲೈಕಾನ್ (ಕಿಣ್ವ ಕತ್ತರಿಸೋ ಗೋಡೆಯ ವಸ್ತು) ಹಾಕದೆನೂ ಹೋಲಿಕೆಗೆ ಒಂದು ರೆಕಾರ್ಡ್ ತಗೀರಿ. 2012ರಾಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಇರ್ವೈನ್ ಕೇಂದ್ರದಾಗ ನಡೆದ ಇಂಥದೇ ಪ್ರಯೋಗದಾಗ ಸೆಕೆಂಡಿಗೆ 15ರ ಜಿಗಿತ ಕತ್ತರಿಸೋ ಕೆಲಸದ್ದು, 330ರದ್ದು ಬರೀ ಅಲ್ಲಾಟ.