ಅಪ್‌ಡೇಟ್: ಕಾರಿನೊಳಗಿನ ನೀರು ಮಳೆಯದ್ದಲ್ಲ!

ಹೋದ ವಾರ ಕೇಳಿದ್ದೆನಲ್ಲ, ಕಾರಿನ ಮುಂದಿನ ಎಡ ಸೀಟಿನ ಹತ್ತಿರ ಕಾಲಿಡುವಲ್ಲಿ ಕಾರ್ಪೆಟ್ ದಿನಾ ಒದ್ದೆಯಾಗುತ್ತಿದೆ ಅಂತ. ಗ್ಯಾರೇಜಿನವರು ಮಳೆ ನೀರು, ಮುಂದಿನ ಗಾಜು ಬಿಚ್ಚಿ ಮತ್ತೆ ಅಂಟಿಸಬೇಕು ಅಂದಿದ್ದರು. ಸದ್ಯ, ಒಪ್ಪಲಿಲ್ಲ. ಯಾಕೆಂದರೆ ಬಿಸಿಲಿದ್ದ ಎರಡು ದಿನವೂ ಒದ್ದೆ, ಅದೂ ಎಸಿ ಹಾಕಿ ಓಡಿಸಿದ ಮೇಲೆ.

ನಿಮ್ಮಲ್ಲೊಬ್ಬರು ಹೇಳಿದ ಹಾಗೆ ಬಯಲಲ್ಲಿ ನಿಲ್ಲಿಸಿ 20 ನಿಮಿಷ ಎಸಿ ಹಾಕಿ ಕೆಳಗೆ ಬಗ್ಗಿ ನೋಡಿದೆ. ಒಂದು ತೊಟ್ಟೂ ಇಲ್ಲ! ಎಸಿ ನೀರು ಹೊರಗೆ ಹೋಗುವ ಡ್ರೈನ್ ಪೈಪ್ ಕಟ್ಟಿಕೊಂಡು, ನೀರೆಲ್ಲ ಒಳಗೇ ಸುರಿಯುತ್ತಿತ್ತು. ಕೂಲೆಂಟ್ (ಎಂಜಿನ್ ತಂಪಾಗಿಡುವ, ಹೀಟರ್‌ನಲ್ಲೂ ಹರಿಯುವ ದ್ರವ) ಕಮ್ಮಿಯಾಗಿರಲಿಲ್ಲ, ಅದರ ಸಿಹಿ ವಾಸನೆಯೂ ಇರಲಿಲ್ಲ, ಹಾಗಾಗಿ ಹೀಟರ್ ಲೀಕ್ ಅಲ್ಲ ಅಂತ ಧೈರ್ಯ ಬಂತು. ಬೇರೆ ಮೆಕ್ಯಾನಿಕ್ ಕೆಳಗಿನಿಂದ ಮೆಲ್ಲಗೆ ಗಾಳಿ ಬಿಟ್ಟರು, ಧೂಳು, ಎಲೆ ಚೂರಿನ ಕೆಸರು ಬಂತು, ಹಿಂದೆಯೇ ಒಂದು ಚೊಂಬು ನೀರು. ಹತ್ತು ನಿಮಿಷದ ಕೆಲಸ.

ಕಾರ್ಪೆಟ್ ಒಣಗಿಸುವುದೇ ಜಾಸ್ತಿ ಕಷ್ಟ ಆಯ್ತು. ಮೇಲೆ ಒಣಗಿದ ಹಾಗೆ ಕಂಡರೂ ಅಡಿಯ ಸ್ಪಂಜು ನೀರು ಹಿಡಿದಿರುತ್ತದೆ. ಅಂಚು ಎತ್ತಿ, ಹಳೇ ಪೇಪರ್ ತುರುಕಿ, ಮೂರು ದಿನ ಟೇಬಲ್ ಫ್ಯಾನ್ ಇಟ್ಟೆ. ಮುಗ್ಗಲು ವಾಸನೆ ಇನ್ನೂ ಸ್ವಲ್ಪ ಇದೆ, ಹೆಂಡತಿ ಕಿಟಕಿ ಇಳಿಸಿಯೇ ಕೂರುತ್ತಾಳೆ.