ಅಪ್‌ಡೇಟ್: ಮಂಡಿನೋವಿನ ಅಮ್ಮನೊಂದಿಗೆ ಕೌಲಾಲಂಪುರ

ಮಂಡಿನೋವಿರುವ ಅಮ್ಮನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಕೌಲಾಲಂಪುರದಲ್ಲಿ ನಾಲ್ಕು ದಿನ ಸುತ್ತುವುದು ಹೇಗೆಂದು ಕೇಳಿದ್ದೆ. ಮೊನ್ನೆ ಕುಂಬಳೆಗೆ ಮರಳಿದೆವು. ಕೆ.ಎಲ್. ಸೆಂಟ್ರಲ್ ನಿಲ್ದಾಣದ ಸಮೀಪ ಉಳಿಯಿರೆಂಬ ನಿಮ್ಮ ಸಲಹೆಯೇ ಎಲ್ಲಕ್ಕಿಂತ ಉಪಕಾರವಾಯಿತು, ಏಕೆಂದರೆ ಸುಬ್ರಹ್ಮಣ್ಯ ದೇವಸ್ಥಾನವಿರುವ ಬಾಟು ಗುಹೆಗಳಿಗೆ ಅಲ್ಲಿಂದಲೇ ರೈಲು ಸಿಕ್ಕಿ ಟ್ಯಾಕ್ಸಿಯ ಗೊಡವೆ ತಪ್ಪಿತು. ಗುಹೆಗೆ ಹತ್ತುವ 272 ಮೆಟ್ಟಿಲುಗಳನ್ನು ಕಂಡ ಅಮ್ಮ, 'ಸುಬ್ರಹ್ಮಣ್ಯ ಇಲ್ಲಿಂದಲೂ ಕಾಣುತ್ತಾನೆ' ಎಂದು, 42.7 ಮೀಟರ್ ಎತ್ತರದ ಚಿನ್ನದ ಬಣ್ಣದ ಮೂರ್ತಿಯ ಬುಡದಲ್ಲಿಯೇ ಚಪ್ಪಲಿ ಬಿಚ್ಚಿ ಕೈಮುಗಿದು ಕುಳಿತರು. ಮೇಲೆ ಹತ್ತಿದಾಗ ಮಗಳ ಕೈಯಲ್ಲಿದ್ದ ಬಾಳೆಹಣ್ಣಿನ ಚೀಲವನ್ನು ಕೋತಿಯೊಂದು ಕಿತ್ತುಕೊಂಡಿತು. ಪೆಟ್ರೊನಾಸ್ ಅವಳಿ ಗೋಪುರಗಳನ್ನು ಹತ್ತುವ ಯೋಚನೆ ಕೈಬಿಟ್ಟು, ಸಂಜೆ ಕೆಳಗಿನ ಉದ್ಯಾನದಲ್ಲಿ ಕಾರಂಜಿ ನೋಡುತ್ತ ಕುಳಿತದ್ದೇ ಸರಿಯಾಯಿತು. ಮಳೆನಾಡಿನವರಾದ ನಾವು ಕೊಡೆಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿದ್ದೆವು.