ಹೊಸ ತಂತ್ರಾಂಶಕ್ಕೆ ಮೊದಲ ಗ್ರಾಹಕರನ್ನು ಆನ್‌ಲೈನ್ ಸಮುದಾಯಗಳಲ್ಲಿ ಹುಡುಕುವ ಬಗೆ

ಪ್ರಶ್ನೆ:
ಸ್ವತಂತ್ರವಾಗಿ ಕೆಲಸ ಮಾಡುವ ಅನುವಾದಕರಿಗಾಗಿ ಬಿಲ್ಲು ಮತ್ತು ಬಾಕಿ ಹಣದ ಲೆಕ್ಕವಿಡುವ ಚಿಕ್ಕ ತಂತ್ರಾಂಶವೊಂದನ್ನು ಸಿದ್ಧಪಡಿಸಿದ್ದೇನೆ. ಜಾಹೀರಾತಿಗೆ ಹಣವಿಲ್ಲ. ಬರೀ ಪ್ರಚಾರಕ್ಕೆ ಬಂದವನೆಂಬ ಆಕ್ಷೇಪಕ್ಕೆ ಗುರಿಯಾಗದೆ ಆನ್‌ಲೈನ್ ಸಮುದಾಯಗಳಲ್ಲಿ ಮೊದಲ ಗ್ರಾಹಕರನ್ನು ಕಂಡುಕೊಳ್ಳುವುದು ಹೇಗೆ?

ಉತ್ತರ 1:
ಮೊದಲು ಆಯಾ ಸಮುದಾಯದ ನಿಯಮಗಳನ್ನು ಓದಿಕೊಳ್ಳಿ. ತಂತ್ರಜ್ಞಾನಾಸಕ್ತರ ಚರ್ಚಾತಾಣವಾದ ಹ್ಯಾಕರ್ ನ್ಯೂಸ್‌ನಲ್ಲಿ, ತಾವು ರೂಪಿಸಿದ್ದನ್ನು ತೋರಿಸುವ ‘ಶೋ ಎಚ್‌ಎನ್’ ವಿಭಾಗದಲ್ಲಿ ಜನರು ಬಳಸಿ ನೋಡಬಹುದಾದದ್ದನ್ನು ಮಾತ್ರ ಹಾಕಬೇಕು. ಬರೀ ಇಮೇಲ್ ವಿಳಾಸ ಕೇಳುವ ಪುಟಕ್ಕಾಗಲಿ, ಗೆಳೆಯರಿಂದ ಮತ ಹಾಕಿಸುವುದಕ್ಕಾಗಲಿ ಅಲ್ಲಿ ಅವಕಾಶವಿಲ್ಲ. ಕಡತಗಳನ್ನು ಆನ್‌ಲೈನ್‌ನಲ್ಲಿ ಇಡುವ ಡ್ರಾಪ್‌ಬಾಕ್ಸ್ ಸೇವೆಯ ಸ್ಥಾಪಕರಲ್ಲೊಬ್ಬರಾದ ಡ್ರೂ ಹ್ಯೂಸ್ಟನ್ 2007ರಲ್ಲಿ ಹ್ಯಾಕರ್ ನ್ಯೂಸ್‌ನಲ್ಲಿಯೇ ತಮ್ಮ ಉತ್ಪನ್ನವನ್ನು ಪರಿಚಯಿಸಿದರು. ಮುಂದಿನ ವರ್ಷ, ಓದುಗರೇ ಸುದ್ದಿಗಳಿಗೆ ಮತ ಹಾಕುತ್ತಿದ್ದ ಡಿಗ್ ತಾಣದ ಓದುಗರ ಅಭಿರುಚಿಗೆ ತಕ್ಕಂತೆ ರೂಪಿಸಿದ ಒಂದು ವಿಡಿಯೊದಿಂದ ಅವರ ನಿರೀಕ್ಷಣಾ ಪಟ್ಟಿ 5,000ದಿಂದ 75,000ಕ್ಕೆ ಏರಿತು.

ಉತ್ತರ 2:
ಆ ಉದಾಹರಣೆ ಇಲ್ಲಿಗೆ ಅಷ್ಟಾಗಿ ಹೊಂದುವುದಿಲ್ಲ. ಡ್ರಾಪ್‌ಬಾಕ್ಸ್‌ಗೆ ಬೇಕಿದ್ದ ಜನರು ಆ ತಾಣಗಳಲ್ಲಿಯೇ ಇದ್ದರು. ತಮಗೆ ಬೇಕಾದವರು ಅನುವಾದಕರು. ಅನುವಾದಕರ ತಾಣವಾದ ಪ್ರೋಝ್‌ನಲ್ಲಿ, ಕೆಲಸ ಕೊಡುವವರೊಂದಿಗಿನ ಅನುಭವವನ್ನು (ಹಣ ಪಾವತಿಯೂ ಸೇರಿದಂತೆ) ಅನುವಾದಕರು ದಾಖಲಿಸುವ ‘ಬ್ಲೂ ಬೋರ್ಡ್’ ಎಂಬ ವಿಭಾಗವೇ ಇರುವುದನ್ನು ನೋಡಿದರೆ, ಬಾಕಿ ಹಣದ ತೊಂದರೆ ಎಷ್ಟು ವ್ಯಾಪಕವೆಂಬುದು ತಿಳಿಯುತ್ತದೆ. ಅಂತಹ ಕಡೆ ಬಾಕಿ ವಸೂಲಿಯ ಬಗ್ಗೆ ಜನರು ಬರೆದ ಹಳೆಯ ದೂರುಗಳನ್ನು ಓದಿ, ಅವರು ಬಳಸುವ ಮಾತುಗಳನ್ನೇ ಗುರುತಿಟ್ಟುಕೊಳ್ಳಿ. ಹೊಸದಾಗಿ ಕೇಳಿದವರಿಗೆ ತಮ್ಮ ತಂತ್ರಾಂಶವಿಲ್ಲದೆಯೂ ಪ್ರಯೋಜನವಾಗುವಂತಹ ಉತ್ತರ ಕೊಡಿ. ತಂತ್ರಾಂಶದ ಪ್ರಸ್ತಾಪ ಬಂದಾಗ ಅದನ್ನು ತಾವೇ ರೂಪಿಸಿದ್ದೆಂದು ಹೇಳಿಬಿಡಿ. ಗ್ರಾಹಕರ ಸೋಗಿನಲ್ಲಿ ಹೊಗಳಿಕೊಳ್ಳುವವರು (ಇವರಿಗೇನೂ ಕೊರತೆಯಿಲ್ಲ) ಸಿಕ್ಕಿಬಿದ್ದರೆ ಮತ್ತೆ ಆ ಬಾಗಿಲು ತೆರೆಯುವುದಿಲ್ಲ.

ಉತ್ತರ 3:
ಇದಕ್ಕೆ ನನ್ನ ಸಹಮತವಿದೆ. ಒಂದು ಸೇರ್ಪಡೆ: ಮೊದಲಿನವರಿಂದಲೂ ಅಲ್ಪ ಶುಲ್ಕವನ್ನಾದರೂ ಕೇಳಿ. ಉಚಿತವಾಗಿ ಬಳಸುವವರ ಮೆಚ್ಚುಗೆಯಿಂದ ಬೇಡಿಕೆ ನಿಜವೇ ಎಂಬುದು ತಿಳಿಯುವುದಿಲ್ಲ.